39ಕ್ಕೆ ಕರಿಕೋಟು: ಕೆಲಸ ಬಿಟ್ಟು ಜನರ ಪರ ವಕೀಲಿಕೆಗೆ ಬರಬಹುದಾ?

ಓದುಗರೊಬ್ಬರ ಪ್ರಶ್ನೆ: ನನಗೆ 39 ವರ್ಷ. ಬಿ.ಕಾಂ. ಮುಗಿಸಿ 15 ವರ್ಷದಿಂದ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಹೋದ ವರ್ಷ ನಮ್ಮ ಆಫೀಸು ಗುಡಿಸಿ ಒರೆಸುವ ಆರು ಜನ ಹೆಂಗಸರು ಬಂದು, ‘ಸಂಬಳದಲ್ಲಿ ಪಿಎಫ್ ಅಂತ ಹಿಡೀತಾರೆ, ಎಲ್ಲಿಗೆ ಹೋಗ್ತಿದೆ ನೋಡಿ ಮೇಡಂ’ ಅಂದರು. ಅವರ ಪಾಸ್‌ಬುಕ್ ತೆಗೆದು ನೋಡಿದೆ. ಗುತ್ತಿಗೆದಾರ 14 ತಿಂಗಳಿಂದ ಒಂದು ರೂಪಾಯಿಯನ್ನೂ ಕಟ್ಟಿಲ್ಲ. ಅವತ್ತಿನಿಂದ ನನಗೆ ಸಮಾಧಾನವಿಲ್ಲ. ಕೆಲಸ ಬಿಟ್ಟು ಕಾನೂನು ಓದಿ, ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕುವ ವಕೀಲೆ ಆಗಬೇಕು ಅನ್ನಿಸುತ್ತಿದೆ. ಮನೆಯವರ ಸಂಬಳ ಸಾಧಾರಣ. ಮಗಳು ಎಂಟನೇ ಕ್ಲಾಸು. ಮನೆ ಸಾಲ ಇನ್ನೂ ಏಳು ವರ್ಷ ಇದೆ. ಈ ವಯಸ್ಸಿಗೆ ಸೀಟು ಕೊಡುತ್ತಾರಾ? ಕೆಲಸದ ಜೊತೆಗೇ ಓದಬಹುದಾ? ‘ಮನೇಲಿ ವಕೀಲರಿಲ್ಲದಿದ್ರೆ ಈ ಲೈನಲ್ಲಿ ಬದುಕೋಕಾಗಲ್ಲ’ ಅಂತಾರೆ, ನಿಜವಾ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನೀವು ಕೇಳದೇ ಬಿಟ್ಟ ಪ್ರಶ್ನೆ. ಆ ಆರು ಜನರ ದುಡ್ಡು ಏನಾಯಿತು? ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನೂ ಬೇರೆ ಕಡೆಯಿಂದ ಬಂದವನೇ. ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ, ಆಮೇಲೆ ಕಾನೂನು ಓದಿ, ಈಗ ಇಪ್ಪತ್ತು ವರ್ಷದಿಂದ ಕೋರ್ಟಿನಲ್ಲಿದ್ದೇನೆ. ಹಾಗಾಗಿ ‘ಬನ್ನಿ ಬನ್ನಿ’ ಅಂತಲೂ ಹೇಳುವುದಿಲ್ಲ, ‘ಬೇಡಮ್ಮಾ’ ಅಂತಲೂ ಹೆದರಿಸುವುದಿಲ್ಲ.

ಮೊದಲು ಸುಲಭದ ಪ್ರಶ್ನೆಗಳನ್ನು ಮುಗಿಸೋಣ. ವಯಸ್ಸು ಅಡ್ಡಿಯಲ್ಲ. ಮೂರು ವರ್ಷದ ಎಲ್‌ಎಲ್‌ಬಿಗೆ 30 ವರ್ಷದ ಮಿತಿ ಅಂತ, ವಕೀಲರ ನಿಯಂತ್ರಣ ಸಂಸ್ಥೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮ ಮಾಡಿತ್ತು. ಅದು ಒಮ್ಮೆ ಹೋಗಿ, 2016ರಲ್ಲಿ ಮತ್ತೆ ಬಂದಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನನ್ನ ಹತ್ತಿರ ಜೂನಿಯರ್ ಆಗಿ ಬಂದವರಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಪರ್ಸೆಂಟ್ ಇದ್ದರೆ ಸಾಕು.

ಕೆಲಸದ ಜೊತೆ ಓದುವುದು ಕಷ್ಟ. ಎಲ್‌ಎಲ್‌ಬಿಗೆ ಪ್ರತಿ ವಿಷಯದಲ್ಲೂ 70 ಪರ್ಸೆಂಟ್ ಹಾಜರಾತಿ ಬೇಕು. ಅಂಚೆ ಶಿಕ್ಷಣದಲ್ಲಿ ಮಾಡಿದ ಎಲ್‌ಎಲ್‌ಬಿಯಿಂದ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಸಿಗುವುದಿಲ್ಲ. ‘ನೀವು ಬರೋದೇ ಬೇಡ ಮೇಡಂ, ಪರೀಕ್ಷೆಗೆ ಬಂದರೆ ಸಾಕು’ ಅನ್ನುವ ಕಾಲೇಜುಗಳು ಇವೆ, ನಿಮಗೂ ಯಾರಾದರೂ ಹೇಳಿಯೇ ಇರುತ್ತಾರೆ. ಆ ದಾರಿ ಹಿಡಿಯಬೇಡಿ. ಓದುವಾಗ ಉದ್ಯೋಗದಲ್ಲಿದ್ದರೆ ಅದನ್ನು ಘೋಷಿಸಬೇಕು ಅಂತ ಬಾರ್ ಕೌನ್ಸಿಲ್ 2024ರಲ್ಲಿ ಹೇಳಿದೆ. ಸುಳ್ಳು ಹೇಳಿ ಪಡೆದ ಸನ್ನದನ್ನು ಕೈಯಲ್ಲಿಟ್ಟುಕೊಂಡು ಇನ್ನೊಬ್ಬರ ಸುಳ್ಳನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಹೇಗೆ, ಅಲ್ವಾ?

ಸನ್ನದಿಗೆ ಲಕ್ಷಗಟ್ಟಲೆ ಬೇಕು ಅನ್ನುವುದೂ ಸುಳ್ಳು. ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ರಾಜ್ಯದ ಬಾರ್ ಕೌನ್ಸಿಲ್‌ಗಳು ಇದಕ್ಕಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ಟಿಪ್ಪಣಿಯಿಲ್ಲದ ಕಾಯ್ದೆ ಪುಸ್ತಕ ಇಟ್ಟುಕೊಂಡೇ ಬರೆಯುವ ಪರೀಕ್ಷೆ ಅದು. ಹದಿನೈದು ವರ್ಷ ಲೆಡ್ಜರ್ ನೋಡಿದವರಿಗೆ ಭಯವಿಲ್ಲ.

ಈಗ ನಿಜವಾದ ವಿಷಯಕ್ಕೆ ಬರೋಣ. ‘ಪಿಐಎಲ್ ಹಾಕುವ ವಕೀಲೆ’ ಅನ್ನುವ ಮಾತು.

ಈ ಕಲ್ಪನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 1979ರಲ್ಲಿ ಬಿಹಾರದ ಜೈಲುಗಳ ಬಗ್ಗೆ ಪತ್ರಿಕೆಯಲ್ಲಿ ಲೇಖನಗಳು ಬಂದವು. ಶಿಕ್ಷೆಯೇ ಆಗದೆ ವರ್ಷಗಟ್ಟಲೆ ಒಳಗಿದ್ದ ವಿಚಾರಣಾಧೀನ ಕೈದಿಗಳ ಕಥೆ. ತಪ್ಪು ಸಾಬೀತಾಗಿದ್ದರೂ ಅಷ್ಟು ವರ್ಷ ಶಿಕ್ಷೆ ಆಗುತ್ತಿರಲಿಲ್ಲ ಅನ್ನುವಂಥವರೂ ಅವರಲ್ಲಿದ್ದರು. ಕಪಿಲಾ ಹಿಂಗೋರಾನಿ ಅನ್ನುವ ವಕೀಲೆ ಆ ಲೇಖನಗಳನ್ನೇ ಹಿಡಿದುಕೊಂಡು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸೈನಾರಾ ಖಾತೂನ್ ಕೇಸು. 1981ರ ಎಸ್.ಪಿ. ಗುಪ್ತಾ ತೀರ್ಪು, ಬಾಯಿಲ್ಲದವರ ಪರವಾಗಿ ಸದುದ್ದೇಶದ ಯಾರು ಬೇಕಾದರೂ ಕೋರ್ಟಿಗೆ ಬರಬಹುದು ಅಂದಿತು. ಆಮೇಲೆ ಏಷ್ಯಾಡ್ ಕ್ರೀಡಾಕೂಟದ ಕಟ್ಟಡಗಳ ಕೂಲಿಗಳ ಕೇಸು, ಜೀತದಾಳುಗಳ ಕೇಸು, ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 1997ರ ವಿಶಾಖಾ ಕೇಸು. ಇವನ್ನೆಲ್ಲ ಓದಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ.

ಆದರೆ ಪಿಐಎಲ್ ಹಾಕಲು ವಕೀಲರೇ ಆಗಬೇಕಿಲ್ಲ. ಹೈಕೋರ್ಟಿಗೆ ನೀವೇ ಅರ್ಜಿದಾರರಾಗಿ ಹೋಗಬಹುದು. ಮತ್ತೆ, ಪಿಐಎಲ್ ಅನ್ನುವುದು ಜನರ ಪರ ವಕೀಲಿಕೆಯಲ್ಲಿ ಒಂದು ಸಣ್ಣ ಮೂಲೆ ಮಾತ್ರ. ಪೇಪರಿನಲ್ಲಿ ಬರುವುದು ಅದೊಂದೇ ಆದ್ದರಿಂದ ಅದೇ ದೊಡ್ಡದಾಗಿ ಕಾಣುತ್ತದೆ. ಹೆಸರಿಗಾಗಿ, ಹಗೆಗಾಗಿ ಹಾಕಿದ ಪಿಐಎಲ್‌ಗಳಿಂದ ರೋಸಿ ಹೋದ ಸುಪ್ರೀಂ ಕೋರ್ಟ್ 2010ರಲ್ಲಿ ಬಲವಂತ್ ಸಿಂಗ್ ಚೌಫಾಲ್ ಕೇಸಿನಲ್ಲಿ, ಅರ್ಜಿದಾರ ಎಂಥವನು, ವಿಷಯ ನಿಜವಾ ಅಂತ ಪರೀಕ್ಷಿಸಿಯೇ ಮುಂದುವರಿಯಿರಿ ಅಂತ ಹೈಕೋರ್ಟುಗಳಿಗೆ ಹೇಳಿತು. ಸುಮ್ನೆ ಹಾಕಿದವರ ಮೇಲೆ ದಂಡವನ್ನೂ ಹಾಕುತ್ತಾರೆ.

ಉಳಿದ ದೊಡ್ಡ ಭಾಗ ಹೇಗಿರುತ್ತದೆ? ಒಂದು ಕೇಸು ಹೇಳುತ್ತೇನೆ.

ಕೆಲವು ವರ್ಷದ ಹಿಂದೆ, ಬಡವರಿಗೆ ಉಚಿತವಾಗಿ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರದಿಂದ ನನಗೊಂದು ಫೈಲು ಬಂತು. ಕಳ್ಳತನದ ಕೇಸು, ಗಾರೆ ಕೆಲಸದ ಹುಡುಗ. ಬೇಲ್ ಆಗಿ ಎರಡು ತಿಂಗಳಾಗಿತ್ತು. ಆದರೂ ಹುಡುಗ ಜೈಲಿನಲ್ಲೇ ಇದ್ದ. ಯಾಕೆ? ಒಬ್ಬರು ಶ್ಯೂರಿಟಿ, ಅಂದರೆ ಆಸ್ತಿಯ ದಾಖಲೆ ತೋರಿಸಿ ಜಾಮೀನು, ಕೊಡಬೇಕು ಅಂತ ಆದೇಶವಿತ್ತು. ಇವನ ಊರು ಮುನ್ನೂರು ಕಿಲೋಮೀಟರ್ ದೂರ. ಚಿಕ್ಕಪ್ಪನ ಪಾಲಿಗೆ ಒಂದೂವರೆ ಎಕರೆ ಇದೆ. ಆದರೆ ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಕೂತಿದೆ. ಆ ಪಹಣಿ ಕೋರ್ಟಿನಲ್ಲಿ ನಡೆಯುವುದಿಲ್ಲ. ಅದನ್ನು ಸರಿ ಮಾಡಿಸುವ ಹೊತ್ತಿಗೆ ಹುಡುಗನ ಶಿಕ್ಷೆಯೇ ಮುಗಿದುಹೋಗುತ್ತಿತ್ತು. ನಾನು ಮಾಡಿದ್ದಿಷ್ಟೇ. ಷರತ್ತು ಸಡಿಲಿಸಿ ಅಂತ ಎರಡು ಪುಟದ ಅರ್ಜಿ ಹಾಕಿದೆ. ಫೈಲಿಂಗ್ ಕೌಂಟರಿನಲ್ಲಿ ಆಬ್ಜೆಕ್ಷನ್ ಹಾಕಿ ವಾಪಸ್ ಕೊಟ್ಟರು, ಪುಟದ ನಂಬರು ಬರೆದಿರಲಿಲ್ಲ. ಬರೆದು ಮತ್ತೆ ಕೊಟ್ಟೆ. ಮೊದಲ ದಿನ ಕೇಸು ಕೂಗುವಾಗ ನಾನು ಪಕ್ಕದ ಹಾಲಿನಲ್ಲಿದ್ದೆ. ಎರಡನೇ ದಿನ ಸಾಹೇಬರು ರಜೆ. ಮೂರನೇ ದಿನ ನಾಲ್ಕು ನಿಮಿಷದಲ್ಲಿ ಆದೇಶ ಆಯಿತು. ಸಂಜೆ ಜೈಲಿನ ಗೇಟಿನಲ್ಲಿ ಆ ಹುಡುಗ ಕೇಳಿದ ಮೊದಲ ಮಾತು, ‘ಸಾರ್, ಬಸ್ಸಿಗೆ ದುಡ್ಡಿಲ್ಲ.’

ಇದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ನೂರು ಜನರಲ್ಲಿ 75ಕ್ಕಿಂತ ಹೆಚ್ಚು ಜನ ವಿಚಾರಣಾಧೀನರು ಅಂತ ಸರ್ಕಾರದ್ದೇ ಅಂಕಿ ಹೇಳುತ್ತದೆ. 1979ರ ಆ ದೊಡ್ಡ ತೀರ್ಪು ಬಂದಾದ ಮೇಲಿನ ಮಾತಿದು. ಬೇಲ್ ಸಿಕ್ಕಿ ಏಳು ದಿನದಲ್ಲಿ ಕೈದಿ ಹೊರಗೆ ಬರದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ತೀರ್ಪು ಬಂದರೆ ಅರ್ಧ ಕೆಲಸ. ಅದನ್ನು ಕೈಯಲ್ಲಿ ಹಿಡಿದುಕೊಂಡು ಜೈಲಿಗೋ ತಾಲ್ಲೂಕು ಆಫೀಸಿಗೋ ಅಲೆಯುವ ಜನ ಬೇಕು. ಈ ಅಲೆದಾಟ ನಿಮಗೆ ಹಿಡಿಸುತ್ತದಾ ಅನ್ನುವುದು ನೀವು ನೋಡಿಕೊಳ್ಳಬೇಕಾದದ್ದು. ಭಾಷಣ ಮಾಡಿದ ಹಾಗೆ ವಾದ ಮಾಡುವ ದಿನ ವರ್ಷಕ್ಕೆ ನಾಲ್ಕು ಬಂದರೆ ಹೆಚ್ಚು.

ನೋಡುವುದಕ್ಕೆ ಖರ್ಚಿಲ್ಲ. ಕೋರ್ಟ್ ಹಾಲಿಗೆ ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ನಾಲ್ಕು ದಿನ ರಜೆ ಹಾಕಿ ನಿಮ್ಮ ಊರಿನ ಕೋರ್ಟಿಗೆ ಹೋಗಿ. ಕೇಸು ಕೂಗುವುದು, ವಕೀಲರು ‘ಪಾಸ್ ಓವರ್’ (ಸ್ವಲ್ಪ ಹೊತ್ತು ಬಿಟ್ಟು ಕೂಗಿ) ಅನ್ನುವುದು, ಟೈಮ್ ಕೇಳುವುದು, ಸಾಕ್ಷಿಯನ್ನು ಪಾಟಿ ಸವಾಲಿನಲ್ಲಿ ಬಿಡಿಸುವುದು ಎಲ್ಲಾ ನೋಡಿ. ನಾಲ್ಕನೇ ದಿನವೂ ಹೋಗೋಣ ಅನ್ನಿಸಿದರೆ ಒಳ್ಳೆಯ ಲಕ್ಷಣ.

ನಾನು ಹೇಳುವುದು ಇಷ್ಟು. ‘ವಕೀಲೆ ಆಗಬೇಕಾ’ ಅಂತ ಶುರು ಮಾಡಬೇಡಿ. ‘ಯಾವ ಕೆಲಸ ಮಾಡುವವರಿಲ್ಲದೆ ಬಿದ್ದಿದೆ, ಅದಕ್ಕೆ ಸನ್ನದು ಬೇಕಾ’ ಅಂತ ಶುರು ಮಾಡಿ. ಎಷ್ಟೋ ಕಡೆ ಬೇಡ. ಆರ್‌ಟಿಐ ಅರ್ಜಿಗೆ ಬೇಡ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಮೇಲ್ಮನವಿಯೂ ನೀವೇ ಮಾಡಬಹುದು. ಗ್ರಾಹಕರ ಆಯೋಗದಲ್ಲೂ ವಕೀಲರೇ ನಿಲ್ಲಬೇಕೆಂದಿಲ್ಲ. ಕಾರ್ಮಿಕ ವಿವಾದದಲ್ಲಂತೂ ಉಲ್ಟಾ. ಅಲ್ಲಿ ವಕೀಲರು ನಿಲ್ಲಬೇಕಾದರೆ ಎದುರು ಪಕ್ಷದ ಒಪ್ಪಿಗೆಯೂ ಬೇಕು, ಕೋರ್ಟಿನ ಅನುಮತಿಯೂ ಬೇಕು. ಯೂನಿಯನ್ ಪದಾಧಿಕಾರಿಗೆ ಅವೆರಡೂ ಬೇಡ. ಮಾಲೀಕರ ವಕೀಲರನ್ನು ಕಣ್ಣೆದುರೇ ಆಚೆ ಕೂರಿಸಿ, ಏಳನೇ ಕ್ಲಾಸು ಓದಿದ ಯೂನಿಯನ್ ಕಾರ್ಯದರ್ಶಿಯೊಬ್ಬರು ಕೇಸು ನಡೆಸಿದ್ದನ್ನು ನಾನು ನೋಡಿದ್ದೇನೆ.

ಸನ್ನದು ಬೇಕೇ ಬೇಕು ಅನ್ನುವ ಜಾಗವೂ ಇದೆ. ಬೇಲ್, ಕ್ರಿಮಿನಲ್ ವಿಚಾರಣೆ, ಹೆಂಗಸರ ಆಸ್ತಿ ಮತ್ತು ಜೀವನಾಂಶದ ದಾವೆ, ಒಕ್ಕಲೆಬ್ಬಿಸುವುದರ ವಿರುದ್ಧ ತಡೆಯಾಜ್ಞೆ. ಐಐಟಿ ಕಾನ್ಪುರದಲ್ಲಿ ಗಣಿತ ಓದಿದ ಸುಧಾ ಭಾರದ್ವಾಜ್ ಛತ್ತೀಸಗಢದ ಕಾರ್ಮಿಕರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿ, ನಲವತ್ತರ ಹತ್ತಿರ ಬಂದಮೇಲೆ ವಕೀಲರಾದರು. ಕ್ರಮ ನೋಡಿ. ಕೆಲಸ ಮೊದಲು, ಸನ್ನದು ಆಮೇಲೆ.

ಹಾಗಾದರೆ ನಿಮಗಿರುವ ದಾರಿಗಳೇನು?

ಒಂದು, ಕೆಲಸ ಬಿಡದೆ ಒಂದು ವರ್ಷ ಕೈ ಹಾಕಿ ನೋಡುವುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಅರೆಕಾನೂನು ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತವೆ. ನಾವು ಪಿಎಲ್‌ವಿ ಅನ್ನುತ್ತೇವೆ. ಕಾನೂನು ಓದಿರಬೇಕಿಲ್ಲ. ತರಬೇತಿ ಅವರೇ ಕೊಡುತ್ತಾರೆ. ಕೆಲಸ ಮಾಡಿದ ದಿನಕ್ಕೆ ಒಂದಿಷ್ಟು ಗೌರವಧನ ಇದೆ, ಅದರಿಂದ ಸಂಸಾರ ನಡೆಯುವುದಿಲ್ಲ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಅವರನ್ನು ಆ ಬಾಗಿಲಿನವರೆಗೆ ಕರೆತರುವುದೇ ಪಿಎಲ್‌ವಿ ಕೆಲಸ. ಇದರಲ್ಲಿರುವ ಅಪಾಯ ಅಂದರೆ ದಣಿವು. ಎಂಟು ಗಂಟೆ ಆಫೀಸು ಮುಗಿಸಿ ಬಂದವರಿಗೆ ಶನಿವಾರ, ಭಾನುವಾರಗಳೂ ಉಳಿಯುವುದಿಲ್ಲ.

ಎರಡು, ಓದಿ ಯಾವುದಾದರೂ ಸಂಸ್ಥೆಯಲ್ಲಿ ಸಂಬಳಕ್ಕೆ ಸೇರುವುದು. ತಿಂಗಳಿಗಿಷ್ಟು ಅಂತ ಬರುತ್ತದೆ. ಆದರೆ ಬಾರ್ ಕೌನ್ಸಿಲ್ ನಿಯಮ 49 ನೆನಪಿರಲಿ. ವಕೀಲಿಕೆ ಮಾಡುವವರು ಇನ್ನೊಬ್ಬರ ಹತ್ತಿರ ಪೂರ್ಣಾವಧಿ ಸಂಬಳದ ಕೆಲಸ ಮಾಡುವಂತಿಲ್ಲ. ಸಂಬಳಕ್ಕೆ ಸೇರಿದರೆ ಸನ್ನದನ್ನು ಅಮಾನತಿನಲ್ಲಿ ಇಡಬೇಕು. ಸಂಶೋಧನೆ, ತರಬೇತಿ, ಕರಡು ಬರೆಯುವುದು ನಿಮ್ಮ ಪಾಲಿಗೆ, ಕೋರ್ಟಿನಲ್ಲಿ ನಿಲ್ಲುವುದು ಇನ್ನೊಬ್ಬರ ಪಾಲಿಗೆ. ಜೊತೆಗೆ ಈ ಸಂಸ್ಥೆಗಳ ದುಡ್ಡು ಯೋಜನೆಯಿಂದ ಯೋಜನೆಗೆ ಬರುವಂಥದ್ದು. 2020ರಲ್ಲಿ ವಿದೇಶಿ ದೇಣಿಗೆ ಕಾನೂನು ಬಿಗಿಯಾಯಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ ಅಂತಾಯಿತು. ಸಣ್ಣ ಸಂಸ್ಥೆಗಳಿಗೆ ಅದರಿಂದ ಪೆಟ್ಟು ಬಿತ್ತು.

ಮೂರನೆಯದು ಪೂರ್ತಿ ಇಳಿಯುವುದು. ನಿಮ್ಮ ಮನಸ್ಸಿರುವುದು ಇದರ ಮೇಲೆಯೇ ಅಂತ ಪತ್ರ ನೋಡಿದರೆ ಗೊತ್ತಾಗುತ್ತದೆ. ಲೆಕ್ಕ ಹಾಕೋಣ. ಮುಂದಿನ ವರ್ಷ ಸೇರಿದರೆ ಓದು ಮೂರು ವರ್ಷ, ಆದಾಯ ಸೊನ್ನೆ. ಆಮೇಲೆ ಸೀನಿಯರ್ ಹತ್ತಿರ ಕನಿಷ್ಠ ಮೂರು ವರ್ಷ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಅಂತ ಬಾರ್ ಕೌನ್ಸಿಲ್ 2024ರಲ್ಲಿ ಹೇಳಿದೆ, ಆದರೆ ಅದು ಸಲಹೆ ಅಷ್ಟೇ. ಬಸ್ ಚಾರ್ಜು ಕೊಟ್ಟರೆ ಪುಣ್ಯ ಅನ್ನುವ ಚೇಂಬರುಗಳು ಬೇಕಾದಷ್ಟಿವೆ. ನನ್ನ ಮೊದಲ ವರ್ಷ ಹೋದದ್ದು ಸೀನಿಯರ್ ಫೈಲು ಹೊರುವುದರಲ್ಲಿ, ಸರ್ಟಿಫೈಡ್ ಕಾಪಿಗೆ ಕ್ಯೂ ನಿಲ್ಲುವುದರಲ್ಲಿ. ಹನ್ನೊಂದು ವರ್ಷ ‘ಸಾರ್’ ಅನ್ನಿಸಿಕೊಂಡವನಿಗೆ ಅದು ಚುಚ್ಚಿತು. ನಿಮಗೂ ಚುಚ್ಚುತ್ತದೆ. ನಿಮ್ಮ ಸೀನಿಯರ್ ನಿಮಗಿಂತ ಚಿಕ್ಕವರಿರಬಹುದು.

ಒಟ್ಟು ಆರು ವರ್ಷ ಆಯಿತು. ನಿಮ್ಮ ಮಗಳ ಪಿಯುಸಿ, ಸಿಇಟಿ, ಕಾಲೇಜು ಫೀಸು ಇದೇ ಆರು ವರ್ಷದೊಳಗೆ ಬರುತ್ತವೆ. ಮನೆ ಸಾಲದ ಕೊನೇ ಕಂತು ತೀರುವುದೂ ಆಗಲೇ. ಲೆಕ್ಕ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಕಂತು ಮತ್ತು ಫೀಸು ಮನೆಯವರ ಸಂಬಳ ಹಾಗೂ ಉಳಿತಾಯದಲ್ಲಿ ನಡೆಯುತ್ತದಾ ಅಂತ ಒಂದು ಹಾಳೆಯಲ್ಲಿ ಬರೆದು, ಮನೆಯವರ ಮುಂದಿಡಿ. ನಡೆಯದಿದ್ದರೆ ಸಾಲ ಒಂದಿಷ್ಟು ಇಳಿಯುವವರೆಗೆ ಕಾಯಿರಿ. 42ಕ್ಕೂ ಸೀಟು ಸಿಗುತ್ತದೆ.

ಮನೆಯಲ್ಲಿ ವಕೀಲರಿಲ್ಲದಿದ್ದರೆ ಕಷ್ಟ ಅನ್ನುವುದು ಅರ್ಧ ನಿಜ. ಅಪ್ಪನ ಚೇಂಬರು ಇದ್ದವನಿಗೆ ಕಕ್ಷಿದಾರರು, ಪುಸ್ತಕ, ಗುಮಾಸ್ತ ಎಲ್ಲಾ ಮೊದಲ ದಿನವೇ ಸಿಗುತ್ತದೆ. ನಿಮಗೆ ಸಿಗುವುದಿಲ್ಲ. ಆದರೆ ನಿಮ್ಮ ಹತ್ತಿರ ಇರುವುದು ಅವನ ಹತ್ತಿರ ಇಲ್ಲ. ಬ್ಯಾಲೆನ್ಸ್ ಶೀಟ್ ಓದಬಲ್ಲ ವಕೀಲರು ಜಿಲ್ಲಾ ಕೋರ್ಟುಗಳಲ್ಲಿ ಬಹಳ ಕಡಿಮೆ. ಜೀವನಾಂಶದ ಕೇಸಿನಲ್ಲಿ ಗಂಡ ‘ನನಗೆ ವರಮಾನವೇ ಇಲ್ಲ’ ಅಂದಾಗ, ಅವನ ಜಿಎಸ್‌ಟಿ ರಿಟರ್ನು, ಬ್ಯಾಂಕ್ ಸ್ಟೇಟ್‌ಮೆಂಟು ಹಿಡಿದು ಪಾಟಿ ಸವಾಲು ಮಾಡುವವರು ಸಿಕ್ಕರೆ ಆ ಹೆಂಗಸಿನ ಬದುಕೇ ಬೇರೆ. ಕನ್ನಡ ಚೆನ್ನಾಗಿ ಬರೆಯುವುದೂ ಬಂಡವಾಳವೇ. ಹೈಕೋರ್ಟಿನಲ್ಲಿ ಇಂಗ್ಲಿಷ್. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ಮಾತಾಡುವುದು ಕನ್ನಡದಲ್ಲಿ.

ಹೊಟ್ಟೆಪಾಡಿಗೆ ನಾನು ಕಂಡ ದಾರಿ ಬೆರಕೆ ಪ್ರಾಕ್ಟೀಸು. ಪಿಎಫ್, ಇಎಸ್‌ಐ, ತೆರಿಗೆ ಕೇಸುಗಳಿಗೆ ಫೀಸು ತೆಗೆದುಕೊಳ್ಳಿ, ನಾಚಿಕೆ ಬೇಡ. ಅದರಿಂದ ಮನೆ ನಡೆಯಲಿ. ವಾರದಲ್ಲಿ ಎರಡು ದಿನ ದುಡ್ಡಿಲ್ಲದವರ ಕೇಸಿಗೆ ಇಡಿ. ಬರೀ ಉಚಿತ ಕೇಸು ಮಾಡುತ್ತೇನೆ ಅಂತ ಬಂದ ಒಳ್ಳೊಳ್ಳೆಯ ಹುಡುಗರು ಮೂರನೇ ವರ್ಷಕ್ಕೆ ಕೋರ್ಟನ್ನೇ ಬಿಟ್ಟುಹೋದದ್ದನ್ನು ಕಂಡಿದ್ದೇನೆ. 2022ರಿಂದ ಇನ್ನೊಂದು ಅವಕಾಶವೂ ಬಂದಿದೆ. ಕಾನೂನು ಸೇವಾ ಪ್ರಾಧಿಕಾರದ ಅಡಿಯಲ್ಲೇ, ಬಡ ಆರೋಪಿಗಳ ಪರ ನಿಲ್ಲಲು ಸಂಬಳದ ವಕೀಲರನ್ನು ತೆಗೆದುಕೊಳ್ಳುತ್ತಾರೆ. ಸಹಾಯಕ ಹುದ್ದೆಗೆ ಹೊಸಬರೂ ಅರ್ಜಿ ಹಾಕಬಹುದು. ಗುತ್ತಿಗೆ ಕೆಲಸ, ಖಾಸಗಿ ಕ್ರಿಮಿನಲ್ ಕೇಸು ಮಾಡುವಂತಿಲ್ಲ. ಆದರೂ ಕಲಿಯಲು ಅಂಥ ಜಾಗ ಕಡಿಮೆ.

ಇನ್ನು ಆ ಆರು ಜನ. ಗುತ್ತಿಗೆದಾರ ಪಿಎಫ್ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರ ಮೇಲೂ ಹೊಣೆ ಬರುತ್ತದೆ. ಅಂದರೆ ನಿಮ್ಮ ಕಂಪನಿಯ ಮೇಲೆ. ನೀವು ಅದೇ ಕಂಪನಿಯ ಅಕೌಂಟ್ಸಿನಲ್ಲಿದ್ದೀರಿ. ಹಾಗಾಗಿ ಹುಷಾರು. ಆಫೀಸಿನ ಕಂಪ್ಯೂಟರಿನಿಂದ ಒಂದು ಬಿಲ್ಲು, ಒಂದು ಹಾಳೆಯನ್ನೂ ಆಚೆ ತರಬೇಡಿ. ತಂದರೆ ಗುತ್ತಿಗೆದಾರನ ತಪ್ಪು ಬದಿಗೆ ಸರಿದು ನಿಮ್ಮ ಮೇಲೆ ವಿಚಾರಣೆ ಶುರುವಾಗುತ್ತದೆ. ಅದರ ಅಗತ್ಯವೂ ಇಲ್ಲ. ಅವರ ಪಾಸ್‌ಬುಕ್ ಅವರದ್ದೇ. ಸಂಬಳದ ಚೀಟಿ ಅವರದ್ದೇ. ಚೀಟಿಯಲ್ಲಿ ಹಿಡಿದ ಮೊತ್ತ ಒಂದು ಕಡೆ, ಪಾಸ್‌ಬುಕ್ಕಿನ ಸೊನ್ನೆ ಇನ್ನೊಂದು ಕಡೆ ಇಟ್ಟು 14 ತಿಂಗಳ ಪಟ್ಟಿ ಮಾಡಿದರೆ ಸಾಕು. ಅರ್ಜಿ ಅವರ ಹೆಸರಿನಲ್ಲೇ, ಅವರ ಸಹಿಯಲ್ಲೇ ಹೋಗಲಿ. ಪಿಎಫ್ ಕಚೇರಿಯವರು ಪ್ರತಿ ತಿಂಗಳು 27ರಂದು ಜಿಲ್ಲೆಗಳಲ್ಲಿ ಜನರ ದೂರು ಕೇಳುವ ಸಭೆ ಮಾಡುತ್ತಾರೆ. ಆರು ಜನರೂ ಒಟ್ಟಿಗೆ ಹೋಗಲಿ, ಒಬ್ಬೊಬ್ಬರೇ ಬೇಡ. ದೂರು ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯದೆ ಎದ್ದು ಬರಬಾರದು ಅಂತ ಹೇಳಿ ಕಳಿಸಿ. ಕೆಲಸದಿಂದ ತೆಗೆದುಬಿಡುತ್ತಾರೆ ಅನ್ನುವ ಭಯ ಅವರಿಗಿರುತ್ತದೆ, ಆ ಭಯ ಸುಳ್ಳೂ ಅಲ್ಲ. ಅದಕ್ಕೇ ಮೊದಲು ಅವರನ್ನು ಕೂರಿಸಿಕೊಂಡು, ಏನಾಗಬಹುದು ಅಂತ ಬಿಡಿಸಿ ಹೇಳಿ, ಮುಂದುವರಿಯಬೇಕಾ ಬೇಡವಾ ಅಂತ ಅವರನ್ನೇ ಕೇಳಿ.

ಪಟ್ಟಿ ಮಾಡುವಾಗ ಪ್ರತಿಯೊಬ್ಬರ ಯುಎಎನ್, ಅಂದರೆ ಪಿಎಫ್ ಸದಸ್ಯರಿಗೆ ಕೊಡುವ ನಂಬರನ್ನು ಎರಡೆರಡು ಸಲ ನೋಡಿ. ಗುತ್ತಿಗೆದಾರ ಬದಲಾದಾಗ ಒಬ್ಬರಿಗೇ ಎರಡು ನಂಬರು ಮಾಡಿರುವುದು ಉಂಟು. ದುಡ್ಡು ಇನ್ನೊಂದರಲ್ಲಿ ಕೂತಿದ್ದರೆ ನಿಮ್ಮ ದೂರು ಮೊದಲ ದಿನವೇ ಬಿದ್ದುಹೋಗುತ್ತದೆ.